ಸಡಿಲಾದ ತಂತಿ

ಮೂರು ವಾರದಿಂದ ನನ್ನ ರಾತ್ರಿಗಳು ಮಳೆಯಿಂದಲೇ ಶುರುವಾಗುತ್ತಿವೆ. ಊಟ ಮುಗಿಸಿ, ದೀಪ ಆರಿಸಿ, ಹೆಡ್‌ಫೋನ್ ಏರಿಸಿಕೊಂಡರೆ ಮೊದಲು ಕೇಳುವುದು ಸುರಿಮಳೆ, ದೂರದ ಗುಡುಗು, ಆಮೇಲೆ ಎಲ್ಲೋ ಇಗರ್ಜಿಯ ಗಂಟೆ. ಧಾರವಾಡದಲ್ಲಿ ಹೊರಗೂ ಶ್ರಾವಣದ ಜಿಟಿಜಿಟಿ ಹಿಡಿದಿರುವಾಗ ಕಿಟಕಿಯಾಚೆಯ ಮಳೆ ಯಾವುದು, 1970ರ ಮಳೆ ಯಾವುದು ಎಂದು ಗೊತ್ತಾಗುವುದಿಲ್ಲ. ಅರ್ಧ ನಿಮಿಷ ಹಾಗೇ ನೆನೆಯುತ್ತ ಕೂತಿರುತ್ತೇನೆ. ಆಗ ಟೋನಿ ಅಯೋಮಿಯ ಗಿಟಾರು ಮಾಳಿಗೆ ಕುಸಿದ ಹಾಗೆ ಮೈಮೇಲೆ ಬೀಳುತ್ತದೆ. ಮೂರೇ ಸ್ವರ. ಬ್ಲ್ಯಾಕ್ ಸಬತ್ ಬ್ಯಾಂಡಿನ ಮೊದಲ ಆಲ್ಬಮ್ಮಿನ ಮೊದಲ ಹಾಡು. ಹಾಡಿಗೂ ಆಲ್ಬಮ್ಮಿಗೂ ಬ್ಯಾಂಡಿನದೇ ಹೆಸರು.

ಹಾಸ್ಟೆಲ್ಲಿನ ಕಾಲದಿಂದಲೂ ನಾವು ನಾಲ್ಕು ಜನ ಗೆಳೆಯರಲ್ಲಿ ಒಂದು ರೂಢಿ. ಸಿಕ್ಕಾಗ ಆರೋಗ್ಯ ವಿಚಾರಿಸುವ ಮೊದಲು "ಈಗ ಏನು ಓಡ್ತಾ ಇದೆ?" ಎಂದು ಕೇಳುವುದು. ಆಗ ಉತ್ತರದ ಬದಲು ಕ್ಯಾಸೆಟ್ಟೇ ಕೈಗೆ ಬರುತ್ತಿತ್ತು. ಈಗ ನಾಲ್ವರೂ ನಾಲ್ಕು ಊರಲ್ಲಿದ್ದೇವೆ, ಭಾನುವಾರ ಫೋನಿನಲ್ಲಿ ಅದೇ ಪ್ರಶ್ನೆ ಬರುತ್ತದೆ. ಮೂರು ಭಾನುವಾರ ನಾನು ಒಂದೇ ಉತ್ತರ ಕೊಟ್ಟೆ. "ಇನ್ನೂ ಅಲ್ಲೇ ಇದ್ದೀಯಾ?" ಎಂದ ಒಬ್ಬ. ಅಲ್ಲೇ ಇದ್ದೇನೆ. ಮೂವತ್ತು ವರ್ಷದಿಂದ ಕೇಳುತ್ತ ಬಂದ ಆ ಮೂರು ಸ್ವರಗಳ ಒಳಗು ನನಗೆ ತಿಳಿದದ್ದು ಈಗ. ತಿಳಿಸಿದವರು ನಮ್ಮ ಸೋದರತ್ತೆ.

ಅತ್ತೆಗೆ ಈಗ ಎಪ್ಪತ್ತೆಂಟು. ಬದುಕಿಡೀ ಮನೆಯಲ್ಲೇ ಗಾಯನದ ಪಾಠ ಹೇಳಿದವರು. ಅವತ್ತು ಸಂಜೆ ನಾನು ಸ್ಪೀಕರಿನಲ್ಲಿ ಹಾಡು ಹಚ್ಚಿದ್ದೆ. ಮೂಲೆಯಲ್ಲಿ ತಂಬೂರಿಯ ಗವಸಿಗೆ ಹೊಲಿಗೆ ಹಾಕುತ್ತಿದ್ದ ಅತ್ತೆ ಸೂಜಿ ನಿಲ್ಲಿಸಿದರು. "ಇವಾ ಪಂಚಮ ಬಿಟ್ಟಾನಲ್ಲೋ!" ಎಂದರು. ಆಮೇಲೆ, "ಇನ್ನೊಮ್ಮೆ ಹಚ್ಚು."

ಹೌದು, ಬಿಟ್ಟಿದ್ದಾನೆ. ಷಡ್ಜ, ಅಲ್ಲಿಂದ ಒಂದೇ ನೆಗೆತಕ್ಕೆ ತಾರ ಷಡ್ಜ, ಅಲ್ಲಿಂದ ಇಳಿದು ತೀವ್ರ ಮಧ್ಯಮ. ಅಷ್ಟೇ. ಕಿವಿ ಪಂಚಮಕ್ಕಾಗಿ ಕೈಚಾಚಿ ನಿಂತಿರುತ್ತದೆ. ಅದು ಅರ್ಧ ಹೆಜ್ಜೆ ಮೇಲೆಯೇ ಇದೆ. ಅಯೋಮಿಯ ಬೆರಳು ಆ ಮಧ್ಯಮವನ್ನು ನಡುಗಿಸುತ್ತ ಪಂಚಮದ ಹೊಸ್ತಿಲು ಮುಟ್ಟಿ ಮುಟ್ಟಿ ಹಿಂದೆ ಸರಿಯುತ್ತದೆ, ಒಳಗೆ ಮಾತ್ರ ಕಾಲಿಡುವುದಿಲ್ಲ. ಯುರೋಪಿನ ಹಳೆಯ ಸಂಗೀತ ಶಾಸ್ತ್ರಜ್ಞರು ಈ ಅಂತರಕ್ಕೆ ಸಂಗೀತದೊಳಗಿನ ಸೈತಾನ ಎಂದೇ ಹೆಸರಿಟ್ಟಿದ್ದರು. ಅತ್ತೆಗೆ ಅದರಲ್ಲಿ ಯಾವ ಸೈತಾನನೂ ಕಾಣಲಿಲ್ಲ. "ಹೊತ್ತು ಮುಳುಗೂ ಮುಂದಿನ ಸ್ವರ ಇದು. ಮಾರ್ವಾದಾಗ ಹಿಂಗ ಆಗ್ತದ. ನಿಂದ್ರಾಕ ನೆಲಾನ ಸಿಗೂದಿಲ್ಲ" ಎಂದರು. ಮಾರ್ವಾದಲ್ಲೂ ಪಂಚಮ ವರ್ಜ್ಯ, ಮಧ್ಯಮ ತೀವ್ರ. ಅದನ್ನು ಹಾಡುವಾಗ ಎಷ್ಟೋ ಗಾಯಕರು ತಂಬೂರಿಯ ಪಂಚಮದ ತಂತಿಯನ್ನು ನಿಷಾದಕ್ಕೆ ಕೂಡಿಸಿಕೊಳ್ಳುತ್ತಾರೆ. ಆ ರಾತ್ರಿ ಉಸ್ತಾದ್ ಅಮೀರ್ ಖಾನರ ಮಾರ್ವಾ ಕೇಳಿ, ಅದರ ಬೆನ್ನಿಗೇ ಸಬತ್ ಕೇಳಿದೆ. ಎರಡೂ ರಾಗ ಒಂದೇ ಎಂದು ನಾನು ಹೇಳುತ್ತಿಲ್ಲ. ಕತ್ತಲು ಕವಿಯುವ ಮೊದಲಿನ ಕಳವಳ ಮಾತ್ರ ಒಂದೇ.

ಅಲ್ಲಿಂದ ಕಿವಿ ಬೇರೆಯೇ ಆಯಿತು. ಮೆಟಲ್ ಎಂದರೆ ಗದ್ದಲ ಎನ್ನುವವರಿಗೆ ನಾನು ಈಗ ತಂಬೂರಿ ತೋರಿಸುತ್ತೇನೆ. ಅದರ ಕುದುರೆಯ ಮೇಲೆ ತಂತಿಯಡಿ ಒಂದು ನೂಲೆಳೆ ಇರುತ್ತದೆ. ಕನ್ನಡದಲ್ಲಿ ಅದಕ್ಕೆ ಜೀವಾಳ ಎನ್ನುತ್ತಾರೆ, ಎಂಥ ಹೆಸರು! ಎಳೆ ಕೂದಲಷ್ಟು ಸರಿದರೂ ನಾದ ಬೋಳು, ತಕ್ಕ ಜಾಗದಲ್ಲಿ ಕೂತರೆ ತಂತಿ ಝೇಂಕರಿಸುತ್ತದೆ. ಆ ಝೇಂಕಾರ ಶುದ್ಧ ಸ್ವರದ ಮೇಲೆ ಬೇಕೆಂದೇ ಹಚ್ಚಿದ ಒರಟು. ಅದರಿಂದ ಮೇಲ್ಸ್ವರಗಳು ಎದ್ದು, ಯಾರೂ ಮೀಟದ ಗಾಂಧಾರ ತಾನಾಗಿ ಕೇಳುತ್ತದೆ. ಎಲೆಕ್ಟ್ರಿಕ್ ಗಿಟಾರಿನ ಡಿಸ್ಟಾರ್ಷನ್ ಇನ್ನೊಂದು ದಾರಿಯಿಂದ ಇದೇ ಊರಿಗೆ ಬರುತ್ತದೆ. ಆಂಪ್ಲಿಫೈಯರಿಗೆ ತಾಕತ್ತು ಮೀರಿ ದನಿ ತುಂಬಿದಾಗ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ, ಮೂಲದಲ್ಲಿಲ್ಲದ ಮೇಲ್ಸ್ವರಗಳು ಹುಟ್ಟುತ್ತವೆ. 1964ರಲ್ಲಿ ಕಿಂಕ್ಸ್ ಬ್ಯಾಂಡಿನ ಡೇವ್ ಡೇವಿಸ್ ಈ ಒರಟಿಗಾಗಿಯೇ ಸ್ಪೀಕರಿನ ಕಾಗದವನ್ನು ಬ್ಲೇಡಿನಿಂದ ಸೀಳಿದ. ಇಷ್ಟು ಒರಟಾದ ದನಿಯಲ್ಲಿ ಪೂರ್ತಿ ಕಾರ್ಡ್ ನುಡಿಸಿದರೆ ಕೆಸರಾಗುತ್ತದೆ. ಅದಕ್ಕೇ ಮೆಟಲ್ ಗಿಟಾರಿಗರು ಗಾಂಧಾರ ಬಿಟ್ಟು ಷಡ್ಜ, ಪಂಚಮ, ಮೇಲಿನ ಷಡ್ಜ ಇಷ್ಟನ್ನೇ ಹಿಡಿಯುತ್ತಾರೆ. ಅವರ ಮಾತಿನಲ್ಲಿ ಅದು ಪವರ್ ಕಾರ್ಡ್. ನಮ್ಮ ಮೂಲೆಯಲ್ಲಿ ಗವಸು ಹೊದ್ದು ನಿಂತಿರುವ ವಾದ್ಯ ದಿನವೂ ನುಡಿಯುವುದು ಇನ್ನೇನನ್ನು?

ಇನ್ನು ಅಯೋಮಿಯ ಕೈ. ಈ ಕಥೆ ನನಗೆ ಹಳೆಯದು, ಆದರೂ ಈ ಸಲ ಅದು ಹೊಸದಾಗಿ ನಾಟಿತು. 1965, ಬರ್ಮಿಂಗ್‌ಹ್ಯಾಮ್. ಹುಡುಗನಿಗೆ ಹದಿನೇಳು. ತಗಡಿನ ಕಾರ್ಖಾನೆಯಲ್ಲಿ ಅಂದು ಅವನ ಕೊನೆಯ ದಿನ, ಮುಂದೆ ಬ್ಯಾಂಡಿನ ಜೊತೆ ಹೊರಡುವುದಿತ್ತು. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನಿಗೆ ಮತ್ತೆ ಹೋಗುವ ಮನಸ್ಸಿರಲಿಲ್ಲ. ಹಿಡಿದ ಕೆಲಸ ಮುಗಿಸಿ ಬಾ ಎಂದು ತಾಯಿ ಕಳಿಸಿದಳು. ಹೋದ. ಯಂತ್ರದಡಿ ಬಲಗೈಯ ನಡುಬೆರಳು ಮತ್ತು ಉಂಗುರಬೆರಳಿನ ತುದಿಗಳು ಹೋದವು. ಅವನು ಎಡಚ, ತಂತಿ ಒತ್ತುವ ಕೈಯೇ ಬಲಗೈ. ಗಿಟಾರು ಮುಗಿಯಿತು ಎಂದು ಕೂತವನಿಗೆ ಕಾರ್ಖಾನೆಯ ಮೇಲಿನವರೊಬ್ಬರು ಜ್ಯಾಂಗೋ ರೈನ್‌ಹಾರ್ಟ್‌ನ ರೆಕಾರ್ಡ್ ತಂದು ಕೇಳಿಸಿದರು. ಬೆಂಕಿಯಲ್ಲಿ ಎರಡು ಬೆರಳು ಸೆಟೆದುಹೋದ ಮೇಲೂ ಯುರೋಪನ್ನೇ ಬೆರಗುಗೊಳಿಸಿದ ಗಿಟಾರಿಗ ಅವನು. ಹುಡುಗ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ತಂತಿ ಜಾರದಂತೆ ಅದಕ್ಕೆ ತೊಗಲು ಅಂಟಿಸಿದ. ನೋವು ಕಡಿಮೆಯಾಗಲೆಂದು ತೆಳು ತಂತಿ ಹುಡುಕಿದ. ಅಂಥ ತಂತಿ ಆಗ ಗಿಟಾರಿಗೆ ಸಿಗುತ್ತಿರಲಿಲ್ಲ, ಬ್ಯಾಂಜೋದ ತಂತಿ ಕಟ್ಟಿದ. ಟೊಪ್ಪಿಗೆ ತೊಟ್ಟ ಬೆರಳಿಗೆ ತಂತಿ ತಾಕಿದ್ದು ತಿಳಿಯುವುದಿಲ್ಲ. ಎಷ್ಟು ಒತ್ತಿದೆ ಎಂಬುದನ್ನು ಕಿವಿಯೇ ಹೇಳಬೇಕು.

ಮೊದಲ ಆಲ್ಬಮ್ಮನ್ನು 1969ರ ಅಕ್ಟೋಬರಿನಲ್ಲಿ ಲಂಡನ್ನಿನ ಸ್ಟುಡಿಯೋದಲ್ಲಿ ಒಂದೇ ದಿನದಲ್ಲಿ ನುಡಿಸಿ ಮುಗಿಸಿದರು. 1971ರ 'ಮಾಸ್ಟರ್ ಆಫ್ ರಿಯಾಲಿಟಿ'ಗೆ ಬರುವ ಹೊತ್ತಿಗೆ ಅಯೋಮಿ ಹಲವು ಹಾಡುಗಳಿಗೆ ತಂತಿಗಳನ್ನು ಮೂರು ಸ್ವರಸ್ಥಾನ ಕೆಳಗಿಳಿಸಿದ. ಸಡಿಲಾದ ತಂತಿ ಬೆರಳಿಗೆ ಹಗುರ. ಕೇಳುವವನ ಎದೆಗೆ ಮಾತ್ರ ಅದು ಬಂಡೆ. ಗೀಜರ್ ಬಟ್ಲರನ ಬೇಸ್ ಕೂಡ ಜೊತೆಗೇ ಇಳಿಯಿತು. ಆ ಆಲ್ಬಮ್ಮಿನ ಕೊನೆಯ ಹಾಡು 'ಇನ್‌ಟು ದ ವಾಯ್ಡ್' ಕೇಳಿ ನೋಡಿ: ಮೊದಲ ಮೀಟಿಗೆ ತಂತಿ ತೂಗುತ್ತದೆ, ಸ್ವರ ನೆಟ್ಟಗೆ ನಿಲ್ಲದೆ ಒಂದಿಷ್ಟು ಓಲಾಡಿ ಆಮೇಲೆ ಕೂರುತ್ತದೆ. ತುಂಬಿದ ಗಾಡಿಯ ಎತ್ತು ಏರು ಹತ್ತುವಾಗ ಹೆಗಲು ಆಡಿಸುವ ಹಾಗೆ. ಇವತ್ತು ಜಗತ್ತಿನ ಅದೆಷ್ಟು ಮೆಟಲ್ ಬ್ಯಾಂಡುಗಳು ತಂತಿ ಇಳಿಸಿಕೊಂಡೇ ವೇದಿಕೆ ಹತ್ತುತ್ತವೋ! ಅದೆಲ್ಲ ಒಬ್ಬ ಹುಡುಗನ ಬೆರಳ ನೋವಿನ ಉಪಚಾರ.

ಬೆಳಗಿನ ಪಾಲು ಬೇರೆ. ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ನಿಂತು ಹೋಗುವಾಗ ಬೆಂಗಳೂರಿನ ಕ್ರಿಪ್ಟೋಸ್ ಬೇಕು. 1998ರಿಂದ ನಮ್ಮ ನಡುವೆಯೇ ಇರುವ ಬ್ಯಾಂಡು, 2013ರಲ್ಲಿ ಜರ್ಮನಿಯ ವಾಕನ್ ಮೇಳದಲ್ಲಿ ನುಡಿಸಿ ಬಂದದ್ದು. ಅವರ 'ಬರ್ನ್ ಅಪ್ ದ ನೈಟ್'ನಲ್ಲಿ ಎರಡು ಗಿಟಾರುಗಳು ಕೈಕೈ ಹಿಡಿದು ಓಡುವ ಜಾಗ ಬಂದಾಗ ನನಗೆ 2007ರ ಮಾರ್ಚ್ 17 ನೆನಪಾಗುತ್ತದೆ. ಅಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಿತ್ತು. ರಾತ್ರಿ ಬಸ್ಸಿಗೆ ಹೋಗಿದ್ದೆ. ಪಕ್ಕದಲ್ಲಿ ನಿಂತಿದ್ದ ಗುರುತಿಲ್ಲದ ಹುಡುಗ ಮೊದಲ ಹಾಡಿಗೇ ಅತ್ತ. ನಾನೂ ಅತ್ತೆ.

ಬ್ಲ್ಯಾಕ್ ಸಬತ್‌ನ ಗಾಯಕ ಆಜ಼ಿ ಆಸ್ಬರ್ನ್ ತೀರಿಕೊಂಡದ್ದು 2025ರ ಜುಲೈ 22ರಂದು. ಹದಿನೇಳು ದಿನ ಮೊದಲು, ಜುಲೈ 5ರಂದು, ಹುಟ್ಟೂರು ಬರ್ಮಿಂಗ್‌ಹ್ಯಾಮಿನ ಆಸ್ಟನ್ನಿನಲ್ಲಿ ಮೂಲದ ನಾಲ್ವರೂ ಕೂಡಿ ಕೊನೆಯ ಸಲ ನುಡಿಸಿದ್ದರು. ನಿಲ್ಲಲಾಗದ ಆಸ್ಬರ್ನ್ ಸಿಂಹಾಸನದಂಥ ಕುರ್ಚಿಯಲ್ಲಿ ಕೂತು ಹಾಡಿದ. ಹರೆಯದಲ್ಲಿ ಕಾರಿನ ಹಾರ್ನುಗಳ ಶ್ರುತಿ ಹೊಂದಿಸುವ ಕೆಲಸ ಮಾಡಿದ್ದವನು. ಆ ಕೀರಲು ಕಂಠದಲ್ಲಿ ನನಗೆ ಈಗಲೂ ಕೇಳುವುದು ಓಣಿಯ ಹುಡುಗನ ಭಯ, ಅದರಲ್ಲಿ ನಾಟಕದ ಲವಲೇಶವೂ ಇಲ್ಲ.

ನಿನ್ನೆ ಸಂಜೆ ಅತ್ತೆಯೇ ಕರೆದು, "ಆ ಪಂಚಮ ಬಿಟ್ಟಾವಂದು ಮತ್ತೇನರ ಐತೇನು?" ಎಂದರು. 'ಇನ್‌ಟು ದ ವಾಯ್ಡ್' ಹಚ್ಚಿದೆ. ಕಣ್ಣು ಮುಚ್ಚಿ ಕೇಳಿದರು. "ತಂತಿ ಭಾಳ ಸಡ್ಲ ಬಿಟ್ಟಾನ. ಯಾಕ?"

ಬೆರಳಿನ ಕಥೆ ಹೇಳಿದೆ.

"ಯಾವ ಬೆರಳು?"

ನನ್ನ ಬಲಗೈಯ ನಡುಬೆರಳು, ಉಂಗುರಬೆರಳು ಮಡಿಸಿ ತೋರಿಸಿದೆ. ಅತ್ತೆ ತಮ್ಮ ನಡುಬೆರಳನ್ನು ದೀಪದ ಬೆಳಕಿಗೆ ಹಿಡಿದರು. ಅರವತ್ತು ವರ್ಷ ತಂಬೂರಿ ಮೀಟಿದ ಬೆರಳು, ತಂತಿ ತಾಕುವ ಕಡೆ ಚರ್ಮ ದಪ್ಪಗಾಗಿ ಹೊಳೆಯುತ್ತಿತ್ತು. ಇನ್ನೊಂದು ಕೈಯ ಹೆಬ್ಬೆರಳಿನಿಂದ ಅದನ್ನು ಸವರುತ್ತ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಹೊರಗೆ ಮಳೆ ಹಿಡಿದಿತ್ತು.

"ಮೊದಲಿಂದ ಹಚ್ಚು" ಎಂದರು.