ಕಣ್ಣು ಮುಚ್ಚಿದ ಬೆಕ್ಕು

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎಂಬುದು ಗಾದೆ. ೨೦೨೩ರ ಜುಲೈ ಮಳೆಯಲ್ಲಿ ನಮ್ಮ ಬೊರಿವಲಿ ಮನೆಯ ಗೌರಿಯ ಕಣ್ಣು ಮುಚ್ಚಿಯೇ ಇತ್ತು. ಹಾಲನ್ನು ಮಾತ್ರ ಅದು ಮೂಸಿಯೂ ನೋಡಲಿಲ್ಲ. ಎರಡೂ ಕಣ್ಣು ಪಿಚ್ಚು ಕಟ್ಟಿ ಅಂಟಿಕೊಂಡಿದ್ದವು. ಮೂಗು ಸೋರುತ್ತಿತ್ತು. ಸೀನು ಬಂದರೆ ಒಂದಲ್ಲ, ಎಂಟು ಹತ್ತು ಒಟ್ಟಿಗೆ.

ತಪ್ಪು ನನ್ನದೇ. ವಾರದ ಹಿಂದೆ ಮಗಳು ಮೆಟ್ಟಿಲ ಕೆಳಗೆ ನೆನೆದು ನಡುಗುತ್ತಿದ್ದ ಮರಿಯೊಂದನ್ನು ಎತ್ತಿ ತಂದಿದ್ದಳು. ಅದೂ ಸೀನುತ್ತಿತ್ತು. "ಅಪ್ಪಾ, ಡಾಕ್ಟರ ಕಡೆ ಹೋಗೋಣು" ಎಂದಳು. ನನಗೆ ಚರ್ಚ್‌ಗೇಟ್ ಫಾಸ್ಟ್ ಹಿಡಿಯುವ ಅವಸರ. "ನೆಗಡಿ ಅಲ್ಲೇನು? ಔಷಧ ತೊಗೊಂಡರ ಏಳು ದಿನ, ಬಿಟ್ಟರ ಒಂದು ವಾರ" ಎಂದು ನಗೆಯಾಡಿ ಹೊರಟೆ. ಮೂರನೆಯ ದಿನ ಸಂಜೆ ಬಂದಾಗ ಅವಳು ಬಾಗಿಲಲ್ಲೇ ಕುಳಿತಿದ್ದಳು. ಮರಿ ಹೋಗಿತ್ತು. ಅವಳು ಏನೂ ಅನ್ನಲಿಲ್ಲ; ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹೀಗಾಗಿ ಗೌರಿ ಮಲಗಿದಾಗ ನಾನು ಗಾಬರಿಗೆ ಬಿದ್ದೆ. ಮೈ ಬಿಸಿಯಾಗಿತ್ತು. ನಾನು ರಸಾಯನಶಾಸ್ತ್ರದ ಬಿ.ಎಸ್‌ಸಿ. ನಾಲ್ಕು ಕಿಲೋದ ಪ್ರಾಣಿಗೆ ಎಷ್ಟು ಎಂದು ಲೆಕ್ಕ ಹಾಕಿ, ಪ್ಯಾರಾಸಿಟಮಾಲ್ ಗುಳಿಗೆಯ ಕಾಲುಭಾಗ ಮುರಿದು ಚಮಚೆಯಲ್ಲಿ ಕಲಸಿದೆ. ಅವ್ವ ಜಪಸರ ಕೆಳಗಿಟ್ಟು ಕೇಳಿದಳು: "ಅಲ್ಲೋ ತಮ್ಮಾ, ನಮಗ ಆಗಿಬರೂ ಔಷಧ ಅದಕ್ಕೂ ಆಗಿಬರತದ ಅಂತ ಯಾರ ಹೇಳ್ಯಾರ ನಿನಗ?"

ನನ್ನ ಪದವಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಚಮಚೆಯಲ್ಲಿದ್ದುದನ್ನು ಮೋರಿಗೆ ಚೆಲ್ಲಿದೆ.

ಮರುದಿನ ರಜೆ ಹಾಕಿದೆ. ಪರೇಲಿನಲ್ಲಿ ೧೮೮೬ರಲ್ಲಿ ಆರಂಭವಾದ ಪಶುವೈದ್ಯ ಕಾಲೇಜಿದೆ ನಿಜ. ಆದರೆ ಆ ಮಳೆಯಲ್ಲಿ ಬೆಕ್ಕಿನ ಬುಟ್ಟಿ ಹಿಡಿದು ಲೋಕಲ್ ಹತ್ತುವ ಧೈರ್ಯವಾಗದೆ ಹತ್ತಿರದ ಲೇಡಿ ಡಾಕ್ಟರರಲ್ಲಿಗೆ ಹೋದೆ. ಗುಳಿಗೆಯ ಕಥೆ ಕೇಳಿ ಅವರ ಮುಖ ಗಂಭೀರವಾಯಿತು. ಪ್ಯಾರಾಸಿಟಮಾಲನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲವೆನ್ನುವಷ್ಟು ಕಡಿಮೆ. ರಕ್ತ ಆಮ್ಲಜನಕ ಹೊರಲಾರದೆ ಕಂದುಬಣ್ಣಕ್ಕೆ ತಿರುಗುತ್ತದೆ. ಒಂದೇ ಗುಳಿಗೆ ಪ್ರಾಣ ತೆಗೆಯಬಲ್ಲದು. ಅದಕ್ಕಿಂತ ಕಡಿಮೆಯೂ ಅಪಾಯವೇ.

ಬೆಕ್ಕಿನ ನೆಗಡಿಗೆ ಹೆಚ್ಚಾಗಿ ಕಾರಣ ಎರಡು ವೈರಸ್‌ಗಳು: ಬೆಕ್ಕಿನ ಹರ್ಪಿಸ್ ಮತ್ತು ಕ್ಯಾಲಿಸಿ. ಇವು ನಮಗೆ ಅಂಟುವುದಿಲ್ಲ. ಸೀನಿನಿಂದ, ತಟ್ಟೆಯಿಂದ, ನಮ್ಮ ಕೈಯಿಂದ ಇನ್ನೊಂದು ಬೆಕ್ಕಿಗೆ ದಾಟುತ್ತವೆ. ಆಂಟಿಬಯಾಟಿಕ್ಕಿಗೆ ವೈರಸ್ ಬಗ್ಗುವುದಿಲ್ಲ. ಅದರ ಬೆನ್ನಿಗೆ ಬರುವ ಬ್ಯಾಕ್ಟೀರಿಯಾಕ್ಕಾಗಿ ಡಾಕ್ಟರು ಡಾಕ್ಸಿಸೈಕ್ಲಿನ್ ಬರೆದರು. ಆ ಗುಳಿಗೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಹುಣ್ಣಾಗುತ್ತದೆ; ಹಿಂದೆಯೇ ಸಿರಿಂಜಿನಿಂದ ನೀರು ಕುಡಿಸಬೇಕು. ಉಳಿದದ್ದೆಲ್ಲ ಶುಶ್ರೂಷೆ. "ಮೂಗು ಕಟ್ಟಿದ ಬೆಕ್ಕಿಗೆ ವಾಸನೆ ತಿಳಿಯದು, ವಾಸನೆ ತಿಳಿಯದೆ ಅದು ತಿನ್ನದು. ಎರಡು ಮೂರು ದಿನ ಉಪವಾಸ ಬಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಬೇರೆಯೇ ಗಂಡಾಂತರ. ಮೀನು ಬಿಸಿಮಾಡಿ ಕೊಡಿ" ಎಂದರು.

ಇಲ್ಲಿ ನಾನು ಬೆವೆತೆ. ನಮ್ಮದು ಧಾರವಾಡದ ಕಡೆಯ ಮಡಿಯ ಮನೆ. ಒಂಬತ್ತು ವರ್ಷ ಗೌರಿ ಹಾಲು-ಅನ್ನ, ಅಂಗಡಿಯ ಪೊಟ್ಟಣದ ತಿಂಡಿಯಲ್ಲೇ ಬೆಳೆದದ್ದು. ಅಂಜುತ್ತ ಅವ್ವನಿಗೆ ಹೇಳಿದೆ. ಅವಳು ಕ್ಷಣ ಸುಮ್ಮನಿದ್ದು, "ಅದರ ಹೊಟ್ಟೀಗೆ ಬೇಕಾದ್ದು ಅದಕ್ಕ ಕೊಡು. ಅದೇನು ನನ್ನ ತಾಟಿನ್ಯಾಗ ಊಟಕ್ಕ ಕೂಡೂದಿಲ್ಲಲಾ" ಎಂದಳು.

ಮಳೆಗಾಲದ ಮೀನುಗಾರಿಕೆ ನಿಷೇಧದ ದಿನಗಳು. ಎದುರು ಮನೆಯ ಮಾಲವಣದ ವಹಿನಿ ಫ್ರಿಜ್ಜಿನಲ್ಲಿ ಉಳಿಸಿಟ್ಟಿದ್ದ ಬಾಂಗಡೆಯನ್ನು ಉಪ್ಪು ಖಾರವಿಲ್ಲದೆ ಬೇಯಿಸಿ, ಮುಳ್ಳು ತೆಗೆದು ಕೊಟ್ಟರು. ನಾನು ಬಚ್ಚಲಲ್ಲಿ ಬಿಸಿನೀರಿನ ಬಕೆಟ್ ಇಟ್ಟು, ಬಾಗಿಲು ಮುಚ್ಚಿ, ಹತ್ತು ನಿಮಿಷ ಹಬೆಯಲ್ಲಿ ಗೌರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ನೀಲಗಿರಿ ಎಣ್ಣೆ, ಕರ್ಪೂರ ಹಾಕಕೂಡದು. ಅವೂ ಬೆಕ್ಕಿಗೆ ವಿಷ. ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಸಣ್ಣ ಚಮಚೆ ಉಪ್ಪು ಕರಗಿಸಿ, ಒಂದೊಂದು ಕಣ್ಣಿಗೆ ಬೇರೆ ಬೇರೆ ಹತ್ತಿಯಿಂದ ಮಗಳು ಮಾತಿಲ್ಲದೆ ಒರೆಸುತ್ತಿದ್ದಳು.

ಮೊದಲ ದಿನ ಗೌರಿ ಮುಖ ತಿರುಗಿಸಿತು. ಎರಡನೆಯ ರಾತ್ರಿ ಹಬೆಯಿಂದ ಹೊರಬಂದೊಡನೆ ತಟ್ಟೆಯತ್ತ ಮೂಗು ಚಾಚಿತು, ನೆಕ್ಕಿತು. ಮರಿ ಹೋದಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದ ಮಗಳು, "ಅಪ್ಪಾ, ತಿನ್ನಲಿಕ್ಕೆ ಹತ್ತೇದ!" ಎಂದಳು.

ನಮ್ಮ ಆಫೀಸಿನ ಭಾಷೆಯಲ್ಲಿ ಹೇಳುವುದಾದರೆ ಇದು ಮುಗಿದ ಫೈಲಲ್ಲ, ಪೆಂಡಿಂಗ್ ಫೈಲು. ಹರ್ಪಿಸ್ ವೈರಸ್ ನರಗಳಲ್ಲಿ ಆಯುಷ್ಯವಿಡೀ ಅಡಗಿದ್ದು, ಗಾಬರಿ, ಮನೆ ಬದಲಾವಣೆಯಂಥ ಸಮಯದಲ್ಲಿ ಮತ್ತೆ ತಲೆಯೆತ್ತಬಹುದು. ಲಸಿಕೆಯಿದೆ, ರೋಗವನ್ನು ಪೂರ್ತಿ ತಡೆಯದಿದ್ದರೂ ಉಗ್ರವಾಗಗೊಡದು. ಮರಿ ತಂದವರು ಮೊದಲ ಕೆಲವು ದಿನ ಅದನ್ನು ಮನೆಯ ಬೆಕ್ಕಿನಿಂದ ಬೇರೆಯಿಡಿ. ಬೆಕ್ಕು ಬಾಯಿ ತೆರೆದು ಉಸಿರಾಡತೊಡಗಿದರೆ ಲೋಕಲ್ಲಿನ ವೇಳೆ ನೋಡಬೇಡಿ, ನಾನು ನೋಡಿದ ಹಾಗೆ.

ಈಗಲೂ ವಾರಕ್ಕೊಮ್ಮೆ ನಮ್ಮ ಹಿಂದಿನ ಗ್ಯಾಲರಿಯಲ್ಲಿ ಬಾಂಗಡೆಯ ವಾಸನೆ. ಅವ್ವ ಸೆರಗನ್ನು ಮೂಗಿಗೆ ಹಿಡಿದುಕೊಂಡೇ, ತಟ್ಟೆ ಬರಿದಾಯಿತೇ ಎಂದು ಇಣುಕಿ ನೋಡಿ ಹೋಗುತ್ತಾಳೆ.