ಎರಡು ಸೊನ್ನೆ ಬಿದ್ದುಹೋದ ಟಿಕೆಟ್ಟು

ಸೊನ್ನೆಗೆ ಬೆಲೆಯಿಲ್ಲ ಅನ್ನುವವರನ್ನು ಇಟಲಿಯ ಅಲಿಟಾಲಿಯಾ ಕಂಪನಿಯ ಹತ್ತಿರ ಕಳಿಸಿಕೊಡಬೇಕಿತ್ತು. (ಈಗ ಕಳಿಸುವಂತಿಲ್ಲ, ಆ ಕಂಪನಿಯೇ 2021ರಲ್ಲಿ ಬಾಗಿಲು ಹಾಕಿತು.) 2006ರಲ್ಲಿ ಅವರು ಟೊರಾಂಟೊದಿಂದ ಸೈಪ್ರಸ್‌ಗೆ ಹೋಗುವ ಬಿಸಿನೆಸ್ ಕ್ಲಾಸ್ ಟಿಕೆಟ್ಟಿಗೆ 3,900 ಡಾಲರ್ ಅಂತ ಹಾಕುವ ಬದಲು 39 ಅಂತ ಹಾಕಿ ಕೂತರು. ಯಾರದೋ ಬೆರಳು ಜಾರಿ ಎರಡು ಸೊನ್ನೆ ಬಿದ್ದುಹೋಗಿತ್ತು, ಅಷ್ಟೇ. ಎಚ್ಚೆತ್ತುಕೊಳ್ಳುವಷ್ಟರಲ್ಲಿ ಸುಮಾರು ಎರಡು ಸಾವಿರ ಟಿಕೆಟ್ ಖರ್ಚಾಗಿತ್ತು. ಅವರಲ್ಲಿ ಎಷ್ಟು ಜನರಿಗೆ ಸೈಪ್ರಸ್ಸಿನಲ್ಲಿ ನಿಜವಾಗಿ ಕೆಲಸವಿತ್ತೋ ದೇವರೇ ಬಲ್ಲ. ಕಂಪನಿ ಹಲ್ಲುಕಚ್ಚಿಕೊಂಡು ಎಲ್ಲರನ್ನೂ ಕರೆದುಕೊಂಡು ಹೋಯಿತು.

ಈ ಕಥೆ ಹೇಳಿದ್ದೇ ತಡ, ನಮ್ಮ ಸೋದರಮಾವ "ಕಳ್ಳತನ!" ಎಂದುಬಿಟ್ಟರು. ಆಯುಷ್ಯದ ಬಹುಪಾಲು ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕಳೆದವರು. ಅವರ ನ್ಯಾಯನೀತಿಯೆಲ್ಲ ಸಂಜೆಯ ಟ್ಯಾಲಿಯಲ್ಲಿ ಹುಟ್ಟಿದ್ದು. ಶಟರ್ ಅರ್ಧ ಇಳಿಸಿ, ಒದ್ದೆ ಸ್ಪಂಜಿಗೆ ಬೆರಳು ಒತ್ತಿ ಒತ್ತಿ ಹತ್ತರ ಕಟ್ಟು, ನೂರರ ಕಟ್ಟು ಎಣಿಸಿ, ಅನುಮಾನ ಬಂದು ಮತ್ತೆ ಎಣಿಸಿ, ಕೊನೆಗೆ ಐನೂರು ಕಡಿಮೆ ಬಂತೋ, ಕ್ಯಾಷಿಯರ್ ತನ್ನ ಜೇಬಿನಿಂದ ತುಂಬಿ ಮನೆಗೆ ಹೋಗಬೇಕು. ಐನೂರು ಹೆಚ್ಚು ಬಂತೋ, ಅದು ಬ್ಯಾಂಕಿನ ಲೆಕ್ಕಕ್ಕೆ ಜಮಾ. ಒಮ್ಮೆ ಯಾರೋ ರೈತರು ತಮಗೆ ಹೆಚ್ಚಾಗಿ ಬಂದ ಹಣವನ್ನು ಎರಡು ಬಸ್ ಬದಲಿಸಿಕೊಂಡು ಬಂದು ವಾಪಸ್ ಕೊಟ್ಟರಂತೆ. ಆ ರೈತರ ಕಥೆ ಶುರುವಾದರೆ ಊಟದ ಹೊತ್ತು ಮೀರುತ್ತದೆ, ಬಿಡಿ.

"ಅಪ್ಪಾ, ಅಲ್ಲಿ ಕ್ಯಾಷಿಯರ್ ಯಾರೂ ಇಲ್ಲ" ಅಂದ ಅವರ ಮಗ. ಅವನೂ ಸುಳ್ಳು ಹೇಳಲಿಲ್ಲ. ವಿಮಾನದ ಕಂಪನಿಗಳು ತಮ್ಮ ದರಗಳನ್ನು ಅಮೆರಿಕದ ವರ್ಜೀನಿಯಾದಲ್ಲಿರುವ ಎಟಿಪಿಕೋ ಎಂಬ ಸಂಸ್ಥೆಗೆ ಕಳಿಸುತ್ತವೆ, ಅಲ್ಲಿಂದ ಲೋಕಕ್ಕೆಲ್ಲ ಹಂಚಿಕೆ. ಮಧ್ಯೆ ಎಲ್ಲೋ ಇಂಧನದ ಸರ್‌ಚಾರ್ಜ್ ಬಿಟ್ಟುಹೋಗುತ್ತದೆ, ಇಲ್ಲವೇ ಒಂದು ದೇಶದ ನಾಣ್ಯ ಇನ್ನೊಂದಕ್ಕೆ ತಿರುಗುವಾಗ ಲೆಕ್ಕ ತಪ್ಪುತ್ತದೆ. ಹುಡುಗನ ವಾದ ಇನ್ನೂ ಮುಂದೆ ಹೋಯಿತು. ತಪ್ಪು ದರ ಅನ್ನಬೇಕಾದರೆ ಸರಿ ದರ ಅಂತ ಒಂದಿರಬೇಕಲ್ಲ? ಒಂದೇ ಸಾಲಿನಲ್ಲಿ ಮೊಣಕೈ ತಾಗಿಸಿ ಕೂತ ಮೂವರು ಮೂರು ದರ ಕೊಟ್ಟಿರುತ್ತಾರೆ. ದೀಪಾವಳಿಯ ಹಿಂದಿನ ದಿನ ಬೆಂಗಳೂರಿಂದ ಮಂಗಳೂರಿಗೆ ಟಿಕೆಟ್ ನೋಡಿ ಎದೆ ಹಿಡಿದುಕೊಂಡವರಿಗೆ "ಕ್ಷಮಿಸಿ, ಒಂದು ಸೊನ್ನೆ ಹೆಚ್ಚಾಗಿದೆ" ಅಂತ ಯಾವ ಕಂಪನಿಯಾದರೂ ಹೇಳಿದ್ದುಂಟೆ? ನಮ್ಮ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿ, 24 ಗಂಟೆ ಕಳೆದ ಮೇಲೆ ತಿದ್ದಲು ಹೋಗಿ ನೋಡಿ, ತಪ್ಪಿಗೆ ಎಷ್ಟು ಬೆಲೆ ಅಂತ ಆಗ ಗೊತ್ತಾಗುತ್ತದೆ.

ನನಗೂ ಹೌದೆನಿಸಿತು. ಅಷ್ಟರಲ್ಲಿ ಮೊಲ ನೆನಪಿಗೆ ಬಂತು.

ಮೊಲ ಎಲ್ಲಿಂದ ಬಂತು ಅಂತೀರಾ? ಅರ್ಜೆಂಟೀನಾದಿಂದ. 1938ರಲ್ಲಿ ಲಂಡನ್ನಿನ ವ್ಯಾಪಾರಿಗಳು ಮೂವತ್ತು ಸಾವಿರ ಕಾಡುಮೊಲದ ಚರ್ಮ ಮಾರಲು ಹೊರಟರು. ಮಾತುಕತೆಯೆಲ್ಲ ಒಂದು ಚರ್ಮಕ್ಕೆ ಇಷ್ಟು ಎಂದೇ ನಡೆದಿತ್ತು. ಕೊನೆಯ ಕಾಗದದಲ್ಲಿ ಮಾತ್ರ, ಕೈತಪ್ಪಿ, ಒಂದು ಪೌಂಡ್ ತೂಕಕ್ಕೆ ಇಷ್ಟು ಎಂದು ಬರೆದುಬಿಟ್ಟರು. ಪೌಂಡಿಗೆ ಸುಮಾರು ಮೂರು ಚರ್ಮ ತೂಗುತ್ತವೆ, ಅಂದರೆ ಬೆಲೆ ಮೂರನೇ ಒಂದು ಪಾಲಿಗೆ ಇಳಿಯಿತು. ಕೊಳ್ಳುವವನು ಥಟ್ಟನೆ ಒಪ್ಪಿಗೆ ಕಳಿಸಿದ. ಇವರು ಕೊಡುವುದಿಲ್ಲ ಎಂದಾಗ ಕೋರ್ಟಿಗೂ ಹೋದ. ನ್ಯಾಯಾಧೀಶರು, ಇದು ತಪ್ಪೆಂದು ನಿನಗೆ ಗೊತ್ತಾಗದೆ ಇರಲು ಸಾಧ್ಯವಿಲ್ಲ ಎಂದು ಅವನನ್ನು ಬರಿಗೈಯಲ್ಲಿ ಕಳಿಸಿದರು. ನಮ್ಮ 1872ರ ಕರಾರು ಕಾಯಿದೆಯ 22ನೇ ಕಲಮು ಮಾತ್ರ, ಒಬ್ಬರ ಕಡೆಯಿಂದ ತಪ್ಪು ತಿಳಿವಳಿಕೆಯಾಯಿತು ಅನ್ನುವ ಒಂದೇ ಕಾರಣಕ್ಕೆ ಕರಾರು ಮುರಿಯುವಂತಿಲ್ಲ ಅನ್ನುತ್ತದೆ. ಇದನ್ನು ಹೇಳಿದ್ದಕ್ಕೆ ಹುಡುಗ ಕುಣಿದಾಡಿದ. ಎದುರಿನವನಿಗೆ ಆ ತಪ್ಪು ಗೊತ್ತಿದ್ದರೆ? ಅದು ವಕೀಲರ ಹೊಟ್ಟೆಪಾಡು, ನಾವು ಬಾಯಿ ಹಾಕುವುದು ಬೇಡ.

ಗೊತ್ತಿತ್ತೋ ಇಲ್ಲವೋ ಅಂತ ಪತ್ತೆ ಮಾಡುವುದು ಹೇಗೆ ಅನ್ನುತ್ತೀರಾ? ಸಿಂಗಪುರದಲ್ಲಿ ಅದೂ ಆಗಿದೆ. 2003ರಲ್ಲಿ ಅಲ್ಲಿಯ ಒಂದು ಅಂಗಡಿ, 3,854 ಡಾಲರಿನ ಲೇಸರ್ ಪ್ರಿಂಟರನ್ನು 66 ಡಾಲರ್ ಎಂದು ಹಾಕಿತು. ಆರು ಜನ ಗೆಳೆಯರು ನಡುರಾತ್ರಿ ಒಬ್ಬರನ್ನೊಬ್ಬರು ಎಬ್ಬಿಸಿ ಆರ್ಡರ್ ಮಾಡಿದರು. ಎಷ್ಟು? 1,606 ಪ್ರಿಂಟರ್! ಬಿಟ್ಟಿ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎಂದು ನಮ್ಮವರು ಹೇಳಿದ್ದು ಎರಡಕ್ಕೇ ನಿಂತಿತು. ಇವರು ಪಿತೃಗಳ ಪಟ್ಟಿಯನ್ನೇ ತೆಗೆದಿದ್ದರು. ಆ ರಾತ್ರಿ ತಮ್ಮತಮ್ಮಲ್ಲೇ ಕಳಿಸಿಕೊಂಡ ಸಂದೇಶಗಳೇ ಕೋರ್ಟಿನಲ್ಲಿ ಅವರಿಗೆ ಮುಳುವಾದವು.

ಅಗ್ಗದ ಟಿಕೆಟ್ ಬೇಟೆಗಾರರದೂ ಇದೇ ವರಸೆ. ಅವರ ಮೊದಲ ನಿಯಮ ಏನು ಗೊತ್ತೆ? ಕಂಪನಿಗೆ ಫೋನ್ ಮಾಡಬಾರದು. ಮಾಡಿದರೆ ತಪ್ಪು ಗೊತ್ತಾಗಿ ತಿದ್ದಿಬಿಡುತ್ತಾರೆ. ಸಂಪೂರ್ಣ ನ್ಯಾಯವಾದ ವ್ಯಾಪಾರದಲ್ಲಿ ಇಷ್ಟು ಪಿಸುಮಾತು ಯಾಕಪ್ಪಾ ಬೇಕು? ನನ್ನ ತಕರಾರು ಇಷ್ಟೇ. ಊರಿಗೆ ಹೋಗಲೇಬೇಕಾದವನು ಕಣ್ಣಿಗೆ ಬಿದ್ದ ದರಕ್ಕೆ ಒಂದು ಟಿಕೆಟ್ ಕೊಂಡರೆ ಅದು ಅವನ ಅದೃಷ್ಟ. ಹೋಗಬೇಕಾಗಿಯೇ ಇಲ್ಲದವನು ಬಾಗಿಲು ಹಾಕಿಕೊಂಡು ಹತ್ತು ಕೊಂಡರೆ, ಮಾವನ ಮಾತಿಗೆ ನನ್ನ ಅರ್ಧ ಸಹಿ.

2015ರಲ್ಲಿ ಯುನೈಟೆಡ್ ಕಂಪನಿಯ ಡೆನ್ಮಾರ್ಕ್ ಪುಟದಲ್ಲಿ ಕ್ರೋನರ್ ಲೆಕ್ಕ ಕೆಟ್ಟು, ಲಂಡನ್ನಿನಿಂದ ಅಮೆರಿಕಕ್ಕೆ ಫಸ್ಟ್ ಕ್ಲಾಸ್ ಟಿಕೆಟ್ ಸುಮಾರು 75 ಡಾಲರಿಗೆ ಬಂತು. ವಾಸ ಡೆನ್ಮಾರ್ಕಿನಲ್ಲಿ ಎಂದು ತುಂಬಬೇಕಿತ್ತು ನೋಡಿ, ಜಗತ್ತಿನ ಸಾವಿರಾರು ಜನ ಕ್ಷಣಾರ್ಧದಲ್ಲಿ ಡೆನ್ಮಾರ್ಕಿನವರಾದರು. ಕಂಪನಿ ರದ್ದು ಮಾಡಿತು, ಅಮೆರಿಕದ ಸರ್ಕಾರವೂ ಕಂಪನಿಯ ಪರವಾಗಿಯೇ ನಿಂತಿತು. ಪಾಪ ಅನ್ನಿಸುವುದು 2009ರವರನ್ನು ಕಂಡು. ಬ್ರಿಟಿಷ್ ಏರ್‌ವೇಸ್ ಅಮೆರಿಕದಿಂದ ಭಾರತಕ್ಕೆ ಮೂಲದರ 40 ಡಾಲರ್ ಎಂದು ತಪ್ಪಾಗಿ ಹಾಕಿ, ಆಮೇಲೆ ಟಿಕೆಟ್ಟುಗಳನ್ನು ರದ್ದು ಮಾಡಿತು. ಅಷ್ಟರಲ್ಲಿ ಊರಿಗೆ ಫೋನ್ ಹಚ್ಚಿ "ಅಮ್ಮಾ, ಬರ್ತಿದ್ದೀವಿ, ಹಪ್ಪಳ ಸಂಡಿಗೆ ಮಾಡಿಡು" ಅಂದವರಿದ್ದರೆ ಅವರ ಗತಿ ಏನಾಗಬೇಕು?

ದೊಡ್ಡ ಮನಸ್ಸಿನವರೂ ಇದ್ದಾರೆ. 2019ರ ಹೊಸವರ್ಷಕ್ಕೆ ಕ್ಯಾಥೆ ಪೆಸಿಫಿಕ್, ವಿಯೆಟ್ನಾಮಿನ ದಾ ನಾಂಗ್‌ನಿಂದ ನ್ಯೂಯಾರ್ಕಿಗೆ ಹೋಗಿಬರುವ ಬಿಸಿನೆಸ್ ಕ್ಲಾಸ್ ಟಿಕೆಟ್ಟನ್ನು ಸುಮಾರು 675 ಡಾಲರಿಗೆ ಮಾರಿತು. ನಿಜವಾದ ದರ ಹದಿನಾರು ಸಾವಿರದ ಆಸುಪಾಸು. ತಪ್ಪು ನಮ್ಮದೇ, ಬನ್ನಿ, ನಿಮ್ಮ ದಾರಿ ಕಾಯುತ್ತಿರುತ್ತೇವೆ ಎಂದು ಕಂಪನಿ ಒಪ್ಪಿಕೊಂಡಿತು. ಎರಡು ವಾರದಲ್ಲಿ ಪೋರ್ಚುಗಲ್ಲಿನ ಟಿಕೆಟ್ಟಿನಲ್ಲಿ ಮತ್ತೆ ಅದೇ ತಪ್ಪು, ಮತ್ತೆ ಅದೇ ಬನ್ನಿ.

"ಆ ದಾ ನಾಂಗ್‌ಗೆ ನಮ್ಮಲ್ಲಿಂದ ಎಷ್ಟಾಗುತ್ತಯ್ಯ?" ಅಂದರು ಮಾವ, ಆದಷ್ಟು ಸಹಜವಾಗಿ. ಮಗ ಫೋನ್ ತೆಗೆದು ನೋಡಿ ಹೇಳಿದ. ಮೂವರೂ ಕೂಡಿ ಕಳೆದು, ದಾ ನಾಂಗ್ ತಲುಪಲು ಒಂದಿಷ್ಟು, ರಾತ್ರಿ ತಂಗಲು ಒಂದಿಷ್ಟು, ಹಾಗಿದ್ದರೂ ಲಾಭವೇ ಅಂತ ತೀರ್ಮಾನಿಸುವಷ್ಟರಲ್ಲಿ, ಅತ್ತೆ ಕಾಫಿ ಲೋಟ ಎತ್ತಿಕೊಳ್ಳಲು ಬಂದವರು, "ಅದೆಲ್ಲ ಇರಲಿ, ನ್ಯೂಯಾರ್ಕಿನಲ್ಲಿ ನಿಮಗೆ ಯಾರಿದ್ದಾರೆ?" ಅಂತ ಕೇಳಿದರು.