ಔಷಧಿ ಎಂಬ ಹೆಸರಿನ ವಿಷ

ಹಾಸನ ಸೀಮೆಯ ರೈತನ ಮಾತಿನಲ್ಲಿ ‘ಔಷಧಿ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಜ್ವರ ಬಂದ ಮಗುವಿಗೆ ಕುಡಿಸುವುದೂ ಔಷಧಿಯೇ. ಆಲೂಗಡ್ಡೆಯ ಗಿಡಕ್ಕೆ ಅಂಗಮಾರಿ ತಗುಲಿದಾಗ ಹೊಡೆಯುವುದೂ ಔಷಧಿಯೇ. ಇವೆರಡರ ಅಂತರ ಹಿರಿಯರಿಗೆ ತಿಳಿದಿದೆ. ನಾಲ್ಕು ವರ್ಷದ ಕೂಸಿಗೆ ತಿಳಿಯದು. ಪೈರನ್ನು ಉಳಿಸುತ್ತದೆಂದು ವಿಷಕ್ಕೆ ಮಮತೆಯಿಂದ ಇಟ್ಟ ಈ ಹೆಸರೇ ಮಗುವಿನ ಪಾಲಿಗೆ ಮೊದಲನೆಯ ಅಪಾಯ.

ಹಾಸನದ ಸುತ್ತಣ ಆಲೂಗಡ್ಡೆಯ ಹೊಲ, ಅರಕಲಗೂಡಿನ ಹೊಗೆಸೊಪ್ಪು, ಹೇಮಾವತಿಯ ನೀರುಂಡ ಹೊಳೆನರಸೀಪುರದ ಭತ್ತದ ಗದ್ದೆ, ಚನ್ನರಾಯಪಟ್ಟಣದ ತೆಂಗಿನ ತೋಟ – ಎಲ್ಲೆಡೆಯೂ ಕೀಟದ ಭಯವಿದೆ. ಆದುದರಿಂದ ವಿಷದ ಶೀಶೆಯೂ ಇದೆ. ಆದರೆ ಆ ಶೀಶೆಗೆ ಮನೆಯಲ್ಲಿ ನಿಶ್ಚಿತವಾದ ಸ್ಥಾನವಿಲ್ಲ. ಸೂರಿನ ಸಂದಿ, ಕಿಟಕಿಯ ಅಂಚು, ಕೊಟ್ಟಿಗೆಯ ಮೂಲೆ, ಬಿತ್ತನೆಗಡ್ಡೆಯ ಮೂಟೆಯ ಮಗ್ಗುಲು, ಎಲ್ಲಿ ಕೈಗೆ ಸಿಕ್ಕುವುದೋ ಅಲ್ಲಿ ಅದರ ವಾಸ. ಉಳಿದುದನ್ನು ಶರಬತ್ತಿನ ಬಾಟಲಿಗೆ ಬಗ್ಗಿಸಿಡುವುದಾಗಲಿ, ಖಾಲಿಯಾದ ಡಬ್ಬವನ್ನು ತೊಳೆದು ಎಣ್ಣೆಗೆ ಬಳಸುವುದಾಗಲಿ ಮಿತವ್ಯಯದ ಸಂಸಾರದಲ್ಲಿ ತಪ್ಪೆಂದು ತೋರುವುದಿಲ್ಲ. ಏನನ್ನೂ ಹಾಳುಮಾಡಬಾರದೆಂಬ ಸದ್ಗುಣವೇ ಇಲ್ಲಿ ಕೇಡಿಗೆ ದಾರಿಯಾಗುತ್ತದೆ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1958ರಲ್ಲಿ ಕೇರಳ ಹಾಗೂ ಅಂದಿನ ಮದರಾಸು ರಾಜ್ಯಗಳಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಬೆರೆತ ಆಹಾರವನ್ನುಂಡು ನೂರಕ್ಕೂ ಹೆಚ್ಚು ಜನರು ಮಡಿದರು. ಆ ದುರಂತವು ಎಬ್ಬಿಸಿದ ಎಚ್ಚರದಿಂದ 1968ರ ಕೀಟನಾಶಕ ಕಾಯಿದೆಯೂ 1971ರ ನಿಯಮಗಳೂ ಹುಟ್ಟಿದವು. ಅವುಗಳಂತೆ ಪ್ರತಿಯೊಂದು ಶೀಶೆಯ ಮೇಲೂ ವಜ್ರಾಕಾರದ ಗುರುತಿರಬೇಕು. ಅದರ ಕೆಳಭಾಗ ಕೆಂಪಾಗಿದ್ದರೆ ಅತ್ಯಂತ ಘೋರವಾದ ವಿಷ, ಹಳದಿಯಾದರೆ ತೀವ್ರ, ನೀಲಿಯಾದರೆ ಮಧ್ಯಮ, ಹಸಿರಾದರೆ ಅಲ್ಪ. ಲೇಬಲ್ಲು ಪ್ರಾದೇಶಿಕ ಭಾಷೆಯಲ್ಲಿಯೂ ಇರತಕ್ಕದ್ದು. ಖಾಲಿ ಡಬ್ಬಗಳನ್ನು ಒಡೆದು ಜನವಸತಿಯಿಂದ ದೂರ ಹೂಳಬೇಕೆಂದೂ ಆ ನಿಯಮಗಳು ವಿಧಿಸಿದವು.

ಇದನ್ನು ಮರೆತರೆ ಏನಾಗುವುದೆಂಬುದಕ್ಕೆ 2013ರ ಜುಲೈ 16 ಸಾಕ್ಷಿ. ಅಂದು ಬಿಹಾರದ ಗಂಡಾಮನ್ ಗ್ರಾಮದ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಅಸುನೀಗಿದರು. ಅಡುಗೆಯ ಎಣ್ಣೆಯಲ್ಲಿ ಮಾನೊಕ್ರೊಟೊಫಾಸ್ ಎಂಬ ಕೀಟನಾಶಕವಿತ್ತು. ಕರ್ನಾಟಕದಲ್ಲಿ 2002ರಲ್ಲಿ ಆರಂಭವಾದ ಶಾಲಾ ಊಟದ ಯೋಜನೆಗೆ ‘ಅಕ್ಷರ ದಾಸೋಹ’ವೆಂದೇ ಹೆಸರು. ದಾಸೋಹವೆಂದರೆ ಅನ್ನವನ್ನು ಬಡಿಸುವುದಷ್ಟೇ ಅಲ್ಲ. ಆ ಅನ್ನ ನಿರ್ಮಲವೆಂಬ ಭರವಸೆಯನ್ನೂ ಬಡಿಸುವುದು. ಶಾಲೆಯ ಉಗ್ರಾಣವಾಗಲಿ, ಪ್ರಸಾದ ನಿಲಯದ ಅಡುಗೆಮನೆಯಾಗಲಿ, ಎಣ್ಣೆಯ ಡಬ್ಬ ಮೊದಲು ಏನನ್ನು ಹೊತ್ತಿತ್ತೆಂದು ಕೇಳುವುದು ಆ ಭರವಸೆಯ ಮೊದಲ ಮೆಟ್ಟಿಲು.

ಇತ್ತೀಚಿನ ಶಾಸನಗಳೂ ಮಕ್ಕಳ ಕಡೆ ಕಣ್ಣಿಟ್ಟಿವೆ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗಗಳನ್ನು ಮೀರಕೂಡದೆಂಬ ನಿಯಮ 2017ರ ನವೆಂಬರಿನಲ್ಲಿ ಜಾರಿಗೆ ಬಂದಿತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಯಿತು. ದೋಷಯುಕ್ತ ವಸ್ತುವಿನಿಂದ, ಇಲ್ಲವೆ ತಕ್ಕ ಎಚ್ಚರಿಕೆ ನೀಡದ ಕಾರಣದಿಂದ ಹಾನಿಯಾದರೆ ಪರಿಹಾರ ಕೇಳುವ ಹಕ್ಕನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಕೊಟ್ಟಿದೆ.

ಆದರೆ ಕಾನೂನು ಅಂಗಡಿಯ ಬಾಗಿಲವರೆಗೆ ಬರಬಲ್ಲುದು. ಮನೆಯ ಹೊಸ್ತಿಲು ದಾಟಿ ಅಟ್ಟವನ್ನು ಹತ್ತಲಾರದು. ಅಲ್ಲಿಂದ ಮುಂದಿನದು ತಾಯಿತಂದೆಯರ ಹೊಣೆ. ವಿಷವು ಅದರ ಮೂಲ ಶೀಶೆಯಲ್ಲಿಯೇ, ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಅಡುಗೆಮನೆಯಿಂದ ದೂರವಿರಲಿ. ಮಗು ಅಕಸ್ಮಾತ್ ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಸಾಹಸ ಬೇಡ; ಮೈಮೇಲೆ ಚೆಲ್ಲಿದ್ದರೆ ಬಟ್ಟೆ ತೆಗೆದು ಸೋಪಿನ ನೀರಿನಿಂದ ತೊಳೆದು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಶೀಶೆಯನ್ನೂ ಜೊತೆಯಲ್ಲಿ ಕೊಂಡೊಯ್ದರೆ ವೈದ್ಯರಿಗೆ ವಿಷದ ಹೆಸರು ಕೂಡಲೇ ತಿಳಿಯುತ್ತದೆ.

ಓದುಬಾರದ ಅಜ್ಜಿ ಇರುವ ಮನೆಯಲ್ಲಿ ಲೇಬಲ್ಲನ್ನು ಓದಬಲ್ಲವರು ಬಹುಮಟ್ಟಿಗೆ ಶಾಲೆಗೆ ಹೋಗುವ ಮಕ್ಕಳೇ. ಅಕ್ಷರ ಕಲಿಸಿದ ಗುರು ಆ ನಾಲ್ಕು ಬಣ್ಣಗಳನ್ನೂ ಒಂದು ತರಗತಿಯಲ್ಲಿ ಕಲಿಸಬಾರದೇಕೆ? ‘ಅಜ್ಜೀ, ಇದು ಔಷಧಿಯಲ್ಲ, ವಿಷ’ ಎಂದು ಬಾಲಕನೊಬ್ಬ ಓದಿ ಹೇಳಿದ ದಿನ, ತೊಟ್ಟಿಲಲ್ಲಿರುವ ಅವನ ತಂಗಿಗೆ ಶಾಲೆಯ ಫಲ ಸಂದಂತೆಯೇ ಸರಿ.